ಮೂರು ಕುರ್ಚಿ

ಊಟದ ಮೇಜು ಗ್ವಾಡಿಗಿ ಸರಿಸಿ
ಮೂರು ಕುರ್ಚಿ ಸಾಲಾಗಿ ಹಾಕೀನಿ, ಸುವಾರ್ತಾ.
ನಡುವಿಂದು ದೊಡ್ಡ ಡಾಕ್ಟರದು, ಅದರಾಗ ನಾನು.
ಎಡಕ್ಕ ಬಿಷಪ್‌ರ ಕಡೆಯವರು ಅಂತ ತಿಳಿ,
ಸದ್ಯಕ್ಕ ಒಗೆದ ಅರಿವಿ ಗಂಟು.
ಬಲಕ್ಕ ಒಬ್ರು ಮಾತೇ ಆಡದೆ ಬರಕೊಳ್ಳೋರು ಇರ್ತಾರ.
ಅಲ್ಲಿ ಬೆಕ್ಕು ಮಲಗ್ಯದ, ಎಬ್ಬಿಸಬ್ಯಾಡ.
ನಿನಗ ಸ್ಟೂಲು.

ಹೊರಗ ಹೋಗಿ ಮತ್ತ ಒಳಗ ಬಾ.
ಬಾಗಿಲು ಅಷ್ಟು ಸಾವಕಾಶ ಹಾಕಬ್ಯಾಡ,
ಕೂಸು ಮಲಗಿದ ವಾರ್ಡ್ ಅಲ್ಲ ಇದು.
ಚಪ್ಪಲಿಗಿ ನಮ್ಮ ಬೀದರಿನ ಕೆಂಪು ಮಣ್ಣು ಹತ್ಯದ, ಇರಲಿ.
ಫೈಲು ತೊಡಿ ಮ್ಯಾಲ ಇಡು, ಎದಿಗಿ ಅವಚಬ್ಯಾಡ,
ಅದರಾಗ ಏನದ ಅಂಬೋದು ಅವರಿಗಿ ಗೊತ್ತದ:
ನೀಟ್ ಅಂಕ, ಪಾದ್ರಿಯವರ ಪತ್ರ,
ತಹಸೀಲಿನ ಗುಂಡು ಮೊಹರು,
ಮಾರ್ಕ್ಸ್‌ಕಾರ್ಡಿನಾಗ ನಿನ್ನ ಹೆಸರಿಗಿ ದೀರ್ಘ ಇಲ್ಲ, ಆಧಾರಿನಾಗ ಅದ,
ಆ ಒಂದು ದೀರ್ಘಕ್ಕಾಗಿ
ನಿಮ್ಮಪ್ಪ ಮೂರು ದಿನ ಆಟೋ ಬಿಟ್ಟು ಮಾಡಿಸಿದ ಅಫಿಡವಿಟ್ಟು.

'ಡಾಕ್ಟರ್ ಯಾಕ ಆಗಬೇಕು?'

ನೀ ಶುರು ಮಾಡ್ದಿ: 'ಬಡವರ ಸೇವೆ...'
ನಿಂದ್ರು.
ನಲವತ್ತೊಂದು ವರ್ಷ ಟ್ರೇ ಹಿಡಿದು ನಿಂತಾಕಿ ನಾನು.
ಆ ಮಾತು ಹೇಳದೆ ಒಳಗ ಬಂದವರನ್ನ ನೋಡೇ ಇಲ್ಲ.
ಬಂದ ಮ್ಯಾಲ, ಬಡವರು ಕೆಮ್ಮಿದ್ರ
ಮಾರಿ ಆಕಡಿ ತಿರುಗಿಸಿದವರನ್ನೂ ನೋಡೀನಿ.
ಬ್ಯಾರೆ ಹೇಳು.

ಭಾಳ ಹೊತ್ತು ನೀ ಸುಮ್ಮನಿದ್ದಿ.
ಮಂಗಲಪೇಟೆ ಓಣ್ಯಾಗ ಯಾರೋ ಸ್ಕೂಟರಿಗಿ ಒದಿಲಿಕ್ಕತ್ತಿದ್ರು,
ಅದು ಚಾಲೂ ಆಗಲೊಲ್ಲದು.

'ಸಿಸ್ಟರಮ್ಮ, ಖರೇ ಹೇಳ್ಲಿ?
ಐತವಾರ ಕೋಳಿ ತರ್ಲಿಕ್ಕ ನನಗೇ ಕಳಸ್ತಿದ್ರು.
ಸರತಿ ಬಂದ್ರೂ ಬಿಟ್ಟುಕೊಟ್ಟು ಹಿಂದ ನಿಂದ್ರತಿದ್ದೆ,
ಒಳಗ ಏನೇನದ ನೋಡ್ಲಿಕ್ಕ.
ಒಂದಿನ ಚಾಚಾ ಗುಂಡಿಗಿ ತಗದು ನನ್ನ ಅಂಗೈಯಾಗ ಇಟ್ಟ.
ಬಿಸಿ ಇತ್ತು, ಇಷ್ಟೇ ಇಷ್ಟು.
ಇದಕ್ಕ ಮೊದಲ ಸಲ ಬಡಿ ಅಂತ ಹೇಳಿದವರ‍್ಯಾರು ಅಂತ ಕೇಳ್ದೆ.
ಹಿಂದಿನವರು ನಕ್ಕರು. ಚಾಚಾ ನಗಲಿಲ್ಲ.
ಮಾಲೂಮ್ ನಹೀಂ ಬೇಟಿ, ಅಂದ.
ಮನಿಗಿ ಬರೋತನಕ ಕೈ ತೊಳದಿರಲಿಲ್ಲ.'

ಕುರ್ಚ್ಯಾಗ ಕೂತ ದೊಡ್ಡ ಡಾಕ್ಟರಿಗಿ
ಮುಂದಿನ ಪ್ರಶ್ನೆ ಮರತೇ ಹೋಯ್ತು.

'ಇದನ್ನ ಅಲ್ಲಿ ಹೇಳ್ಲೇನು?' ಅಂದಿ.
ಹೇಳು ಅಂದ್ರ ನಿನ್ನ ಸೀಟಿಗಿ ನಾ ಹೊಣಿ.
ಬ್ಯಾಡ ಅಂದ್ರೂ ನಾನೇ.
ನೋಡು, ನನಗೂ ಒಮ್ಮೆ ಇಂಥ ಕೋಣಿಗಿ ಕರೆದಿದ್ರು,
ಅಕ್ಕನ ಸೀರಿ ಉಟ್ಟು ಹೋಗಿದ್ದೆ,
ಎಲುಬಿನ ಹೆಸರೆಲ್ಲಾ ಬಾಯಿಪಾಠ.
ಅವರು ಕೇಳಿದ್ದು ಒಂದೇ:
'ಯಾಕಮ್ಮಾ, ನರ್ಸಿಂಗ್ ಯಾಕೆ ಬೇಡ?'
ಎಲುಬಿನ ಬಗ್ಗೆ ಏನೂ ಕೇಳಲಿಲ್ಲ.

ಹೋಗ್ಲಿ ಬಿಡು.
ಕಡಿಗಿ ಅವರು ಅಂತಾರ, 'ನಮಗೇನಾದ್ರೂ ಕೇಳೋದಿದೆಯಾ?'
ನೀ ಏನು ಕೇಳ್ತಿ?
'ಹಾಸ್ಟೆಲಿನಾಗ ಜ್ವಾಳದ ರೊಟ್ಟಿ ಸಿಗ್ತಾವೇನು?'
ಇದೊಂದು ಮಾತ್ರ ಕೇಳಬ್ಯಾಡ ತಾಯಿ, ಅಂದೆ.
ನಕ್ಕ ಸಪ್ಪಳಕ್ಕ ಬರಕೊಳ್ಳೋರು ಎದ್ದು,
ಮೈ ಮುರಿದು, ಹಿತ್ತಲಿಗಿ ಹೋದ್ರು.

ಏಳಕ್ಕ ನಿನ್ನ ಬಸ್ಸು. ಹೈದ್ರಾಬಾದಿನಾಗ ಇಳಿದು ರೈಲು,
ನಸುಕಿನ್ಯಾಗ ಕಾಟ್ಪಾಡಿ, ನಿದ್ದಿ ಹತ್ತಿದ್ರ ತಪ್ಪತದ.
ನೀ ಹೋದ ಮ್ಯಾಲ
ಬಿಷಪ್‌ರ ಕಡೆಯವರನ್ನ ಮಡಚಿ ಕಪಾಟಿನಾಗಿಟ್ಟೆ.
ಕುರ್ಚಿ ಎತ್ತಿಡಬೇಕಂದಾಕಿ
ಯಾಕೋ ಹೊರಗ ಹೋದೆ, ಮತ್ತ ಒಳಗ ಬಂದೆ,
ಬಾಗಿಲು ಸಪ್ಪಳಾಗೋಹಂಗ ಹಾಕ್ದೆ.
ಸ್ಟೂಲಿನ ಮ್ಯಾಲ ಕೂತು ನನ್ನ ಹೆಸರು ಹೇಳ್ದೆ,
ಅಪ್ಪನ ಹೆಸರು ಹೇಳಲಿಲ್ಲ, ಓಣಿ ಹೆಸರೂ ಇಲ್ಲ.
ಬೆಕ್ಕು ಹಿತ್ತಲ ಬಾಗಿಲ ಸಂದಿಲಿಂದ ನೋಡ್ತಿತ್ತು.
ಏನೂ ಬರಕೊಳ್ಳಲಿಲ್ಲ.